ಆರೋಗ್ಯವಂತ ತಂಗಿ

ಆಸ್ಪತ್ರೆಯ ಕಾಗದದಲ್ಲಿ ನನ್ನ ಹೆಸರಿನ ಪಕ್ಕ ‘ಆರೋಗ್ಯವಂತ ಸಹೋದರಿ’ ಎಂದು ಬರೆದುಕೊಂಡರು. ಐವತ್ತೆರಡು ವರ್ಷ ಬದುಕಿದ್ದಕ್ಕೆ ನನಗೆ ಸಿಕ್ಕ ಮೊದಲ ಪ್ರಶಸ್ತಿಪತ್ರ ಅದು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಕ್ಕ ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿದಳು. ಆಮೇಲೆ ಎದುರಿಗಿದ್ದ ಡಾಕ್ಟರ್ ಹುಡುಗಿಗೆ, ‘ಇವಳನ್ನ ಸರಿಯಾಗಿ ವಿಚಾರಿಸಿ ಬರ್ಕೊಂಡ್ರಾ ಮೇಡಂ?’ ಎಂದಳು.

ಹೇಳಿದ್ದು ತಮಾಷೆಗೇ. ಆದರೆ ಹೇಳಿ ನಗಲಿಲ್ಲ. ಅಕ್ಕ ನನ್ನೆದುರಿಗೆ ನಗುವುದನ್ನು ಬಿಟ್ಟು ಆಗಲೇ ಏಳೆಂಟು ತಿಂಗಳಾಗಿತ್ತು. ಬಿಡಿಸಿದವಳು ನಾನೇ. ಆ ನಗು ವಾಪಸ್ಸು ಬರುವುದಕ್ಕೆ ವಿಜ್ಞಾನದಿಂದ ಏನಾದರೂ ಸಹಾಯವಾಗುತ್ತದೇನೋ ಎಂಬ ಗುಟ್ಟಿನ ಆಸೆಯಿಂದ ನಾನು ಅಲ್ಲಿಗೆ ಹೋಗಿದ್ದೆ.

ಕಾಯಿಲೆ ಇರುವುದು ಅಕ್ಕನಿಗೆ. ಬೈಪೋಲಾರ್ ಎನ್ನುತ್ತಾರೆ. ಮನಸ್ಸು ಕೆಲವು ವಾರ ಅಟ್ಟ ಹತ್ತಿ ಕೂರುತ್ತದೆ, ಕೆಲವು ತಿಂಗಳು ಬಾವಿಗೆ ಇಳಿಯುತ್ತದೆ, ನಡುವೆ ವರ್ಷಗಟ್ಟಲೆ ಎಲ್ಲರ ಹಾಗೆ ನೆಲದ ಮೇಲೆಯೇ ಓಡಾಡಿಕೊಂಡಿರುತ್ತದೆ. ಆಸ್ಪತ್ರೆಯವರು ನಡೆಸುತ್ತಿದ್ದದ್ದು ಒಂದು ಸಂಶೋಧನೆ. ಈ ಕಾಯಿಲೆ ಇರುವವರ ಮಿದುಳಿನ ಬೇರೆ ಬೇರೆ ಭಾಗಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ, ರಕ್ತದಲ್ಲಿ ಏನಾದರೂ ಗುರುತು ಸಿಗುತ್ತದೆಯೇ, ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಕಾಯಿಲೆ ಬಾರದೆ ಉಳಿದವರಲ್ಲಿ ಇವೆಲ್ಲ ಹೇಗಿರುತ್ತವೆ ಎಂದು ಹೋಲಿಸಿ ನೋಡುವುದು. ಅಕ್ಕನ ಡಾಕ್ಟರು ಕೇಳಿದಾಗ ಅಕ್ಕ ತಕ್ಷಣ ಒಪ್ಪಿದಳು. ಒಡಹುಟ್ಟಿದವಳು ನಾನೊಬ್ಬಳೇ ಆದ್ದರಿಂದ ಆರೋಗ್ಯದ ಪಾತ್ರ ನನ್ನ ಪಾಲಿಗೆ ಬಂತು.

ನನ್ನನ್ನು ಬಲ್ಲವರು ಯಾರೂ ಈ ಪಾತ್ರ ನನಗೆ ಕೊಡುತ್ತಿರಲಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ತಿರುಗಿ ಬರುವವಳು ನಾನು. ಗಂಡ ಸಂಜೆ ಅರ್ಧ ಗಂಟೆ ತಡ ಮಾಡಿದರೆ, ಅವರು ಗೇಟು ತೆಗೆಯುವಷ್ಟರಲ್ಲಿ ನಾನು ಮನಸ್ಸಿನಲ್ಲೇ ವೈಕುಂಠ ಸಮಾರಾಧನೆಗೆ ಅಡುಗೆಯವರನ್ನು ಗೊತ್ತು ಮಾಡಿ ಮುಗಿಸಿರುತ್ತೇನೆ. ಕೆಲಸವೂ ಹಾಗೆಯೇ ಸಿಕ್ಕಿದೆ. ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ದಿನವಿಡೀ ಬೇರೆಯವರ ತಪ್ಪು ಹುಡುಕುವುದು. ಕಾಲೇಜಿನಲ್ಲಿ ತಪ್ಪು ಸಿಗದ ದಿನ ಮನೆಗೆ ಬಂದು ಹುಡುಕುತ್ತೇನೆ.

ಅಕ್ಕನ ನಗು ಶುರುವಾಗುವುದು ಭುಜದಿಂದ. ಮೊದಲು ಸದ್ದಿಲ್ಲದೆ ಭುಜ ಕುಲುಕುತ್ತದೆ. ಕಣ್ಣು ಮುಚ್ಚಿಹೋಗುತ್ತದೆ. ಉಸಿರು ಒಳಗೇ ಸಿಕ್ಕಿಕೊಂಡು, ಇನ್ನೇನು ಅತ್ತೇಬಿಡುತ್ತಾಳೆ ಅನ್ನುವಾಗ, ಕುಕ್ಕರ್ ಕೂಗುವುದಕ್ಕೆ ಮುಂಚೆ ಸಣ್ಣಗೆ ಸುಯ್ ಅನ್ನುತ್ತದಲ್ಲ, ಅಂಥ ಒಂದು ಸದ್ದು ಹೊರಗೆ ಬರುತ್ತದೆ. ಅದು ಬಂದ ಮೇಲೆ ಆ ಕೋಣೆಯಲ್ಲಿ ಯಾರಿಗೂ ಉಳಿಗಾಲವಿಲ್ಲ. ನಾವು ಜಯಲಕ್ಷ್ಮಿಪುರಂನಲ್ಲಿ ಬಾಡಿಗೆಗೆ ಇದ್ದಾಗ ಒಂದು ಸತ್ಯನಾರಾಯಣ ಪೂಜೆಯಾಯಿತು. ಕಥೆಯ ಮಧ್ಯೆ ಸೋದರತ್ತೆಯ ಗಂಡ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಹಡಗು ಮುಳುಗುವ ಜಾಗ ಬಂದಾಗ ಅವರು ನಿದ್ದೆಯಲ್ಲೇ, ‘ಸಾಕು, ಇನ್ನೊಂದು ಅರ್ಧ ಬಡಿಸಿ’ ಎಂದರು. ಅಕ್ಕನ ಭುಜ ಕುಲುಕತೊಡಗಿತು. ಅದು ನನಗೆ ಹತ್ತಿತು, ನನ್ನಿಂದ ಅಮ್ಮನಿಗೆ, ಅಮ್ಮನಿಂದ ಪೂರ್ತಿ ಹೆಂಗಸರ ಸಾಲಿಗೆ. ಪುರೋಹಿತರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಎರಡು ನಿಮಿಷ ಕಥೆ ನಿಲ್ಲಿಸಿದರು. ಆಗ ಅಕ್ಕನಿಗೆ ಹದಿನೆಂಟು, ನನಗೆ ಹದಿನಾಲ್ಕು. ಜಗತ್ತಿನಲ್ಲಿ ನಾನು ಏನಾದರೂ ಆಗಬೇಕು ಎಂದುಕೊಂಡಿದ್ದರೆ ಅದು ಆ ನಗು ಬರುವ ಜಾಗದ ಪಕ್ಕದಲ್ಲಿ ಕೂರುವವಳು.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅಕ್ಕ ಆರು ದಿನ ನಿದ್ದೆ ಮಾಡಲಿಲ್ಲ. ಬೀದಿಯ ಮಕ್ಕಳಿಗೆಲ್ಲ ಸಂಗೀತ ಕಲಿಸುತ್ತೇನೆಂದು ಮನೆಮನೆಗೆ ಹೋಗಿ ಹೆಸರು ಬರೆಸಿಕೊಂಡು ಬಂದಳು. ಅವಳಿಗೆ ಸಂಗೀತ ಬರುತ್ತಿರಲಿಲ್ಲ. ಬಸ್ ಸ್ಟಾಪಿನಲ್ಲಿ ಗುರುತಿಲ್ಲದವರಿಗೆ ನಮ್ಮ ಮನೆಯ ಕಥೆ ಹೇಳಿದಳು. ಮತ್ತು ನಕ್ಕಳು. ಅದೇ ಭುಜ, ಅದೇ ಸದ್ದು, ಆದರೆ ಕೊನೆಯೇ ಇರಲಿಲ್ಲ. ನಮಗೆಲ್ಲ ನಗು ನಿಂತುಹೋದ ಮೇಲೂ ಅವಳದ್ದು ನಡೆಯುತ್ತಿತ್ತು. ಏಳನೆಯ ದಿನ ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅದಾದ ಮೇಲೆ ಮೂರು ತಿಂಗಳು ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು. ತಲೆ ಬಾಚುವುದಕ್ಕೂ ಎಬ್ಬಿಸಿ ಕೂರಿಸಬೇಕಿತ್ತು. ಬಾಚುತ್ತಿದ್ದವಳು ನಾನು.

ಆಮೇಲೆ ಲಿಥಿಯಂ ಮಾತ್ರೆ ಬಂತು, ಅದರ ಜೊತೆ ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆಯೂ ಬಂತು. ಅಮ್ಮ ಸಾಯುವವರೆಗೂ ಪ್ರತಿ ಸಲ ಆ ರಿಪೋರ್ಟು ಬಂದಾಗ ಒಂದೇ ಪ್ರಶ್ನೆ ಕೇಳುತ್ತಿದ್ದಳು: ‘ಈ ಸಲ ಎಷ್ಟಿದೆಯಂತೆ ಕಾಯಿಲೆ?’ ಆ ಪರೀಕ್ಷೆ ಹೇಳುವುದು ರಕ್ತದಲ್ಲಿ ಔಷಧಿ ಎಷ್ಟಿದೆ, ಮೂತ್ರಪಿಂಡ ಥೈರಾಯ್ಡು ಸರಿಯಿವೆಯೇ ಎಂದು ಮಾತ್ರ. ಕಾಯಿಲೆ ಎಷ್ಟಿದೆ ಎಂದು ಹೇಳುವ ಪರೀಕ್ಷೆ ಇಲ್ಲ. ಇದನ್ನು ಅಮ್ಮನಿಗೆ ನಾನು ಎಷ್ಟೋ ಸಲ ವಿವರಿಸಿದ್ದೇನೆ. ವಿವರಿಸಿ, ಅಡುಗೆಮನೆಗೆ ಹೋಗಿ, ನಾನೂ ಆ ಅಂಕಿಯನ್ನು ಹಿಂದಿನ ಸಲದ್ದರ ಜೊತೆ ಹೋಲಿಸಿ ನೋಡುತ್ತಿದ್ದೆ. ಮನುಷ್ಯರಿಗೆ ಒಂದು ಅಂಕಿ ಬೇಕು.

ಅಂಕಿ ಸಿಗದಿದ್ದಕ್ಕೆ ನಾವು ಮನೆಯಲ್ಲೇ ಗುರುತುಗಳನ್ನು ಮಾಡಿಕೊಂಡೆವು. ಅಕ್ಕ ಎಷ್ಟು ಗಂಟೆಗೆ ಎದ್ದಳು, ಫೋನಿನಲ್ಲಿ ಎಷ್ಟು ಹೊತ್ತು ಮಾತಾಡಿದಳು, ಅನ್ನ ಕಲಸುವಾಗ ಕೈ ಎಷ್ಟು ಬೇಗ ಆಡುತ್ತಿದೆ. ಅಮ್ಮ ಹೋದ ಮೇಲೆ ಅಕ್ಕ ವಿಜಯನಗರದ ನಮ್ಮ ಮನೆಯ ಮಹಡಿಯ ಮೇಲಿನ ಕೋಣೆಗೆ ಬಂದಳು. ಅವಳಿಗೆ ಮದುವೆಯಾಗಲಿಲ್ಲ. ಸೀರೆಗೆ ಕುಚ್ಚು ಕಟ್ಟುತ್ತಾಳೆ. ಸೆರಗಿನ ತುದಿಯ ಎಳೆಗಳನ್ನು ಬಿಡಿಸಿ, ಬಣ್ಣದ ರೇಷ್ಮೆ ದಾರ ಸೇರಿಸಿ, ಒಂದೊಂದೇ ಗಂಟು ಹಾಕುವ ಕೆಲಸ. ಜಯಲಕ್ಷ್ಮಿಪುರಂನಿಂದ, ರಾಜೀವನಗರದಿಂದ ಹೆಂಗಸರು ಹುಡುಕಿಕೊಂಡು ಬರುತ್ತಾರೆ. ನಾನು ದಿನಾ ಸಂಜೆ ಕಾಫಿ ತೆಗೆದುಕೊಂಡು ಮೇಲೆ ಹೋಗಿ, ಅಕ್ಕನನ್ನು ಮಾತಾಡಿಸುತ್ತಾ ಕುಚ್ಚು ನೋಡುತ್ತಿದ್ದೆ. ಒಂದು ಬಣ್ಣದ ಸಾದಾ ಕುಚ್ಚಾದರೆ ನನಗೆ ನಿರಾಳ. ಎರಡು ಬಣ್ಣವಾದರೆ ಸ್ವಲ್ಪ ಗಮನ ಕೊಡಬೇಕು. ಮಣಿ ಬಂದರೆ ನಿದ್ದೆ ಎಷ್ಟಾಯಿತು ಎಂದು ಹೇಗಾದರೂ ಮಾಡಿ ವಿಚಾರಿಸಬೇಕು. ಹೀಗೆ ಒಂದು ಶಾಸ್ತ್ರವನ್ನೇ ಕಟ್ಟಿಕೊಂಡಿದ್ದೆ. ಅದು ಅಕ್ಕನಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ದಿನ ಇರುವಾಗ ಮೇಲೆ ಹೋದವಳು ಬಾಗಿಲಲ್ಲೇ ನಿಂತೆ. ಮಾವಿನಹಣ್ಣಿನ ಬಣ್ಣದ ಸೀರೆಯೊಂದು ಕಿಟಕಿಗೆ ಅಡ್ಡ ತೂಗುತ್ತಿತ್ತು. ಅದರ ಸೆರಗಿಗೆ ಐದು ಬಣ್ಣದ ಕುಚ್ಚು, ಮೂರು ಸಾಲು, ನಡುನಡುವೆ ಹವಳದ ಮಣಿ, ಪ್ರತಿ ತುದಿಗೂ ಒಂದು ಪುಟ್ಟ ಗೆಜ್ಜೆ. ಗಾಳಿ ಬಂದರೆ ಸೀರೆ ಗಲ್ ಅನ್ನುತ್ತಿತ್ತು. ಅಕ್ಕ ನೆಲದ ಮೇಲೆ ದಾರಗಳ ಮಧ್ಯೆ ಕೂತು ಏನೋ ಗುನುಗುತ್ತಿದ್ದಳು. ನನ್ನನ್ನು ನೋಡಿ, ‘ಬಾರೆ ಬಾರೆ, ಬೆಳಿಗ್ಗೆ ಐದಕ್ಕೇ ಎದ್ದು ಮುಗಿಸ್ಬುಟ್ಟೆ ನೋಡು’ ಎಂದು ಭುಜ ಕುಲುಕಿಸಿ ನಕ್ಕಳು.

ಐದು ಬಣ್ಣ. ಐದು ಗಂಟೆ. ಗೆಜ್ಜೆ. ನಾನು ಕಾಫಿ ಲೋಟ ಇಟ್ಟು, ಚೆನ್ನಾಗಿದೆ ಎಂದು ಹೇಳಿ, ಕೆಳಗೆ ಬಂದು ಡಾಕ್ಟರಿಗೆ ಫೋನ್ ಮಾಡಿದೆ.

ಅವರು ಕರೆದುಕೊಂಡು ಬನ್ನಿ ಎಂದರು. ಮರುದಿನ ಅವರ ಕೋಣೆಯಲ್ಲಿ ಮಾತಾಡಿದ್ದೆಲ್ಲ ನಾನು. ನಿದ್ದೆ ಕಡಿಮೆ, ಕೆಲಸ ಜಾಸ್ತಿ, ಮಾತು ಜೋರು, ಗುನುಗುತ್ತಾಳೆ. ಪರೀಕ್ಷಾ ವಿಭಾಗದ ವರದಿಯ ಹಾಗೆ ಒಂದೂ ಬಿಡದೆ ಒಪ್ಪಿಸಿದೆ. ಡಾಕ್ಟರು ಅಕ್ಕನ ಕಡೆ ತಿರುಗಿ ನೀವೇನು ಹೇಳುತ್ತೀರಿ ಎಂದರು. ಅಕ್ಕ ನನ್ನನ್ನೇ ನೋಡುತ್ತಾ, ‘ಅವಳು ಹೇಳಿದ್ಮೇಲೆ ಆಯ್ತಲ್ಲ ಬುಡಿ ಡಾಕ್ಟ್ರೇ’ ಎಂದಳು. ಆ ಮಾತಿನ ಸಿಟ್ಟೂ ನನ್ನ ಪಟ್ಟಿಯಲ್ಲಿ ಒಂದು ಗುರುತಾಗಿ ಸೇರಿಕೊಂಡಿತು. ಮಾತ್ರೆ ಸ್ವಲ್ಪ ಹೆಚ್ಚಾಯಿತು.

ಆ ಮಾತ್ರೆ ಹೆಚ್ಚಾದರೆ ಅಕ್ಕನ ಕೈ ನಡುಗುತ್ತದೆ. ದೊಡ್ಡ ನಡುಕವಲ್ಲ, ಲೋಟದಲ್ಲಿನ ಕಾಫಿಯ ಮೇಲೆ ಸಣ್ಣ ಅಲೆ ಏಳುವಷ್ಟು. ಬೇರೆ ಕೆಲಸದವರಾಗಿದ್ದರೆ ನಡೆಯುತ್ತಿತ್ತು. ಕುಚ್ಚಿನ ಗಂಟು ಹಾಕುವವಳಿಗೆ ನಡೆಯುವುದಿಲ್ಲ. ಹಬ್ಬದ ಸೀರೆಗಳೆಲ್ಲ ಹಾಗೇ ವಾಪಸ್ಸು ಹೋದವು.

ನಾಲ್ಕು ದಿನದ ಮೇಲೆ ಮಾವಿನಹಣ್ಣಿನ ಸೀರೆಯವರು ಬಂದರು, ಮಗಳ ಮದುವೆಯಿಟ್ಟುಕೊಂಡಿದ್ದ ಜಯಲಕ್ಷ್ಮಿಪುರಂನ ಹೆಂಗಸು. ಸೆರಗು ಕೈಗೆತ್ತಿಕೊಂಡು ಅವರ ಮುಖ ಅರಳಿತು. ತಮ್ಮ ಫೋನು ತೆಗೆದು ನನಗೊಂದು ಫೋಟೋ ತೋರಿಸಿದರು. ಯಾವುದೋ ಮದುವೆಯಲ್ಲಿ ಯಾರೋ ಉಟ್ಟ ಸೀರೆ: ಐದು ಬಣ್ಣ, ಮೂರು ಸಾಲು, ಹವಳದ ಮಣಿ, ಗೆಜ್ಜೆ. ‘ಇದೇ ಥರ ಬೇಕು, ಹೆಂಗಾದ್ರೂ ಮಾಡ್ಕೊಡಿ ಅಂತ ಪ್ರಾಣ ತಿಂದಿದ್ದೆ ಕಣ್ರೀ ನಿಮ್ಮಕ್ಕಂಗೆ. ಅಷ್ಟು ಬೇಗ ಬೇಕು ಅಂದಿದ್ದಕ್ಕೆ ಪಾಪ ಬೆಳಿಗ್ಗೆ ಬೇಗ ಎದ್ದು ಮಾಡಿದ್ದಾರೆ’ ಎಂದರು. ಅಕ್ಕ ತನ್ನ ಎರಡು ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತಿದ್ದಳು.

ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರು ಒಂದೂವರೆ ತಿಂಗಳ ಮೇಲೆ ಮಾತ್ರೆಯನ್ನು ಮೊದಲಿನ ಅಳತೆಗೆ ತಂದರು, ಕೈ ಸರಿಹೋಯಿತು, ಕುಚ್ಚಿನ ಕೆಲಸ ಮತ್ತೆ ಶುರುವಾಯಿತು. ನನ್ನ ಜೊತೆ ಮಾತೂ ನಿಲ್ಲಿಸಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದಳು, ನೀರು ಬಂದಿದೆ ಎಂದಳು. ಆದರೆ ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿದ ಕೂಡಲೇ ಮೇಲೆ ಗುನುಗುವುದು ನಿಲ್ಲುತ್ತಿತ್ತು. ಟೀವಿಯಲ್ಲಿ ನಗುವಂಥದ್ದು ಬಂದಾಗ ನನ್ನ ಗಂಡ ನಗುತ್ತಿದ್ದರು, ನಾನು ನಗುತ್ತಿದ್ದೆ, ಅಕ್ಕ ಎದ್ದು ನೀರು ಕುಡಿಯಲು ಹೋಗುತ್ತಿದ್ದಳು. ಎಲ್ಲ ಕುಚ್ಚೂ ಒಂದೇ ಬಣ್ಣ. ನನ್ನ ಶಾಸ್ತ್ರದ ಪ್ರಕಾರ ಅವಳು ಇಷ್ಟು ಆರೋಗ್ಯವಾಗಿ ಯಾವತ್ತೂ ಇರಲಿಲ್ಲ. ಒಂದೇ ಮನೆಯಲ್ಲಿದ್ದು, ದಿನಾ ಮುಖ ನೋಡುತ್ತಾ, ಒಬ್ಬರಿಗಾಗಿ ಇಷ್ಟು ಹಂಬಲಿಸಬಹುದು ಎಂದು ನನಗೆ ಗೊತ್ತಿರಲಿಲ್ಲ.

ಈ ಹಂಬಲದ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಇಪ್ಪತ್ತಮೂರಕ್ಕೆ ಕಾಯಿಲೆ ಬಂತು ಎನ್ನುತ್ತೇವೆ. ನಿಜವಾಗಿ ಯಾವಾಗ ಬಂತು ಎಂದು ಕಂಡವರು ಯಾರು? ಸತ್ಯನಾರಾಯಣ ಪೂಜೆಯ ದಿನದ ಆ ಹುಡುಗಿಯ ಭುಜದಲ್ಲಿ ಕುಲುಕಿದ್ದು ಅಕ್ಕನೋ, ಆಗಲೇ ಬಂದು ಕೂತಿದ್ದ ಕಾಯಿಲೆಯೋ? ನಾನು ಇಷ್ಟು ವರ್ಷ ಯಾರನ್ನು ಬಯಸುತ್ತಾ ಕೂತಿದ್ದೇನೆ? ಸಂಶೋಧನೆಯ ವಿಷಯ ಬಂದಾಗ, ಇವರು ತಲೆಯೊಳಗೆ ನೋಡಿ ಇದು ಇಷ್ಟು ಕಾಯಿಲೆ, ಇದು ಇಷ್ಟು ಅಕ್ಕ ಎಂದು ಗೆರೆ ಎಳೆದು ಕೊಡುತ್ತಾರೆ ಎಂದುಕೊಂಡೆ. ಅಮ್ಮನಿಗಿಂತ ನಾನು ಹೆಚ್ಚು ಓದಿದ್ದೇನೆ, ಅಷ್ಟೇ ವ್ಯತ್ಯಾಸ.

ಸ್ಕ್ಯಾನಿಗೆ ಮುಂಚೆ ಮೈಮೇಲಿನ ಲೋಹವೆಲ್ಲ ತೆಗೆಯಬೇಕು. ಅಲ್ಲಿಂದ ನನ್ನ ಫಜೀತಿ ಶುರುವಾಯಿತು. ಮಾಂಗಲ್ಯ ತೆಗೆಯಬೇಕೆಂದು ಮೊದಲೇ ತಿಳಿದಿದ್ದರಿಂದ ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಮೊದಲು ಅದನ್ನು ಕೊರಳಿಗೆ ಹಾಕಿಕೊಂಡು, ಆಮೇಲೆ ಸರ ಬಿಚ್ಚಿದೆ. ಬಳೆ, ಕಾಲುಂಗುರ, ತಲೆಯ ಪಿನ್ನು ಎಲ್ಲ ಡಬ್ಬಿಗೆ ಹೋದವು. ಅಕ್ಕನಿಗೆ ತೆಗೆಯಲು ಇದ್ದದ್ದು ಓಲೆ ಮತ್ತು ಮೂಗುಬೊಟ್ಟು. ಓಲೆ ಬಂತು. ಮೂವತ್ತು ವರ್ಷದಿಂದ ತೆಗೆಯದ ಮೂಗುಬೊಟ್ಟು ಬರಲಿಲ್ಲ. ನರ್ಸು ಕೊಬ್ಬರಿ ಎಣ್ಣೆ ತಂದುಕೊಟ್ಟು, ನೀವೇ ತೆಗೀರಮ್ಮ, ನಾನು ಎಳೆದರೆ ನೋವಾಗುತ್ತೆ ಎಂದು ಹೋದಳು.

ಪರದೆಯ ಹಿಂದೆ ಸ್ಟೂಲಿನ ಮೇಲೆ ಅಕ್ಕನನ್ನು ಕೂರಿಸಿಕೊಂಡು ಅವಳ ಮೂಗು ಹಿಡಿದುಕೊಂಡೆ. ಎಷ್ಟೋ ತಿಂಗಳಿಂದ ಅವಳ ಮುಖಕ್ಕೆ ಅಷ್ಟು ಹತ್ತಿರ ಹೋಗಿರಲಿಲ್ಲ. ಎಣ್ಣೆ ಹಚ್ಚಿ ತಿರುಗಿಸಿದೆ. ಎಣ್ಣೆಯಿಂದ ನನ್ನ ಬೆರಳು ಜಾರಿತು, ಮೂಗು ಕೈಬಿಟ್ಟಿತು. ಮತ್ತೆ ಹಿಡಿದೆ. ನನ್ನ ಕೊರಳಿನ ಅರಿಶಿನದ ಕೊಂಬು ತೂಗಾಡಿ ಅವಳ ಹಣೆಗೆ ಟಕ್ ಎಂದು ಬಡಿಯಿತು. ಇನ್ನೊಮ್ಮೆ ಬಡಿಯಿತು. ಮೂರನೆಯ ಸಲ ಬಡಿದಾಗ ಅಕ್ಕನ ಭುಜ ಅಲುಗಿತು. ಕಣ್ಣು ಮುಚ್ಚುತ್ತಾ ಬಂತು. ನಾನು ತಿರುಗಿಸುವುದನ್ನು ಬಿಟ್ಟು ಅವಳ ಮುಖವನ್ನೇ ನೋಡಿದೆ. ಆಗ ಅವಳು ಕಣ್ಣು ತೆರೆದು ನನ್ನ ಮುಖ ನೋಡಿದಳು. ನೋಡಿ, ಭುಜವನ್ನು ಇಳಿಸಿಬಿಟ್ಟಳು. ತೆರೆದ ಪೆಟ್ಟಿಗೆಯನ್ನು ಯಾರೋ ಬಂದರೆಂದು ಮುಚ್ಚುತ್ತಾರಲ್ಲ, ಹಾಗೆ. ಆ ಕ್ಷಣಕ್ಕೆ ಮೂಗುಬೊಟ್ಟು ತಾನಾಗಿ ನನ್ನ ಕೈಗೆ ಬಂತು. ಅದು ಬಂದದ್ದು ಯಾರಿಗೆ ಬೇಕಿತ್ತು.

ಅವಳು ನೋಡಿದ ಆ ನನ್ನ ಮುಖ ಹೇಗಿತ್ತೋ ಎಂದು ಯಂತ್ರದೊಳಗೆ ಮಲಗಿದಾಗಲೂ ಯೋಚಿಸುತ್ತಿದ್ದೆ. ಕಿವಿಗೆ ಹತ್ತಿ ತುರುಕಿ, ತಲೆಯನ್ನು ದಿಂಬುಗಳ ಮಧ್ಯೆ ಸಿಕ್ಕಿಸಿ, ಏನೂ ಯೋಚಿಸಬೇಡಿ, ಎದುರಿಗಿರುವ ಕೂಡುವ ಚಿಹ್ನೆ ನೋಡುತ್ತಾ ಅಲ್ಲಾಡದೆ ಮಲಗಿರಿ ಎಂದಿದ್ದರು. ಏನೂ ಯೋಚಿಸಬೇಡಿ ಎಂದು ನನಗೆ ಹೇಳುವುದು ಮೀನಿಗೆ ಒಣಗಿರು ಎಂದು ಹೇಳಿದ ಹಾಗೆ. ಕೂಡುವ ಚಿಹ್ನೆ ನೋಡಿದೆ. ಗ್ಯಾಸ್ ಆರಿಸಿದ್ದೇನೆಯೇ ಎಂದುಕೊಂಡೆ. ಡಬ್ಬಿಯಲ್ಲಿಟ್ಟ ಮಾಂಗಲ್ಯ ನೆನಪಾಯಿತು. ಕೊಂಬು ಕಟ್ಟಿಕೊಂಡಿದ್ದರೂ, ಈ ಇಪ್ಪತ್ತು ನಿಮಿಷದಲ್ಲೇ ಗಂಡನಿಗೆ ಏನಾದರೂ ಆಗಿಬಿಟ್ಟರೆ? ಯಂತ್ರ ಢಣಢಣ ಎನ್ನತೊಡಗಿತು. ಕಷ್ಟವಾದರೆ ಒತ್ತಿ ಎಂದು ಕೈಗೆ ಕೊಟ್ಟಿದ್ದ ರಬ್ಬರ್ ಉಂಡೆಯನ್ನು ಒತ್ತಿದೆ. ಅವರು ಓಡಿ ಬಂದು ಹೊರಗೆಳೆದರು. ನೀರು ಕುಡಿಸಿ ಮತ್ತೆ ಮಲಗಿಸಿದರು. ಎರಡನೆಯ ಸಲವೂ ತಲೆ ಅಲ್ಲಾಡಿದೆ ಎಂದು ನನ್ನ ಚಿತ್ರ ಕೆಲಸಕ್ಕೆ ಬರಲಿಲ್ಲ. ಇನ್ನೊಂದು ದಿನ ಬನ್ನಿ ಎಂದರು. ಹೊರಗೆ ಬಂದವಳೇ ಗಂಡನಿಗೆ ಫೋನ್ ಮಾಡಿದೆ. ‘ಚುರುಮುರಿ ತಿಂತಿದೀನಿ ಕಣೆ, ಯಾಕೆ?’ ಎಂದರು.

ಅಕ್ಕ ಮಲಗಿದಲ್ಲಿ ಕಲ್ಲಿನ ಹಾಗೆ ಮಲಗಿದ್ದಳಂತೆ. ಇಷ್ಟು ಚೆನ್ನಾಗಿ ಬಂದ ಚಿತ್ರ ಈ ತಿಂಗಳು ಇದೇ ಮೊದಲು ಎಂದು ಟೆಕ್ನಿಷಿಯನ್ ಹೊಗಳಿದ.

ಅಕ್ಕ ರಕ್ತ ಕೊಡಲು ಹೋದಾಗ ನಾನು ಡಾಕ್ಟರ್ ಹುಡುಗಿಯ ಮುಂದೆ ಕೂತು ನನ್ನ ಪ್ರಶ್ನೆಗಳನ್ನು ಬಿಚ್ಚಿದೆ. ಅವಳು ನನ್ನ ಮಗಳ ವಯಸ್ಸಿನವಳು, ತಾಳ್ಮೆ ಮಾತ್ರ ನನ್ನ ಅಜ್ಜಿಯದ್ದು. ಮಿದುಳಿನ ಭಾಗಗಳು ಕೂಡಿಕೊಂಡಿವೆ ಎನ್ನುವುದಕ್ಕೆ ಈ ಸ್ಕ್ಯಾನಿನಲ್ಲಿ ತಂತಿ ಕಾಣುವುದಿಲ್ಲ ಎಂದಳು. ಎದುರು ಬದುರು ಎರಡು ಮನೆಗಳಲ್ಲಿ ದಿನಾ ಒಂದೇ ಹೊತ್ತಿಗೆ ದೀಪ ಹತ್ತಿ ಒಂದೇ ಹೊತ್ತಿಗೆ ಆರಿದರೆ, ಇವರಿಬ್ಬರ ಮಧ್ಯೆ ಏನೋ ಒಡನಾಟವಿದೆ ಎಂದುಕೊಳ್ಳುತ್ತೇವಲ್ಲ, ಅಂಥ ಊಹೆ. ಕಾಯಿಲೆ ಇರುವ ಬಹಳ ಜನರನ್ನು ಒಟ್ಟಿಗೆ ನೋಡಿದಾಗ ಕೆಲವು ಕಡೆ ಈ ಒಡನಾಟ ಸ್ವಲ್ಪ ಬೇರೆಯಾಗಿ ಕಾಣಬಹುದು. ಹಾಗೆಂದು ಒಬ್ಬರ ಚಿತ್ರ ಕೈಯಲ್ಲಿ ಹಿಡಿದು ಇವರಿಗೆ ಕಾಯಿಲೆ ಇದೆ, ಇಲ್ಲ ಎಂದು ಹೇಳಲು ಬರುವುದಿಲ್ಲ. ರಕ್ತದ ಗುರುತೂ ಅಷ್ಟೇ, ಇನ್ನೂ ಹುಡುಕುತ್ತಿದ್ದೇವೆ ಎಂದಳು.

ನಾನು ಕೇಳಿದೆ. ಹಾಗಾದರೆ ಅಕ್ಕ ನಕ್ಕಾಗ, ಅದು ಸಂತೋಷದ ನಗುವೋ ಕಾಯಿಲೆಯ ನಗುವೋ ಎಂದು ಇವುಗಳಲ್ಲಿ ಯಾವುದರಿಂದಲಾದರೂ ಗೊತ್ತಾಗುತ್ತದೆಯೇ?

ಹುಡುಗಿ ಪೆನ್ನು ಕೆಳಗಿಟ್ಟಳು. ‘ಇಲ್ಲ ಮೇಡಂ. ನಿದ್ದೆ ಎಲ್ಲ ಗಮನಿಸ್ತೀವಿ. ಆದ್ರೆ ಮೊದ್ಲು ಅವರನ್ನೇ ಕೇಳ್ತೀವಿ. ನೀವು ಕೇಳಿದ್ರಾ?’

ಮೂವತ್ತಮೂರು ವರ್ಷದಲ್ಲಿ ನಾನು ಡಾಕ್ಟರನ್ನು ಕೇಳಿದ್ದೇನೆ, ಔಷಧಿ ಅಂಗಡಿಯವನನ್ನು ಕೇಳಿದ್ದೇನೆ, ಇಂಟರ್ನೆಟ್ಟನ್ನು ಕೇಳಿದ್ದೇನೆ, ಜಾತಕ ನೋಡುವವರನ್ನೂ ಒಮ್ಮೆ ಗಂಡನಿಗೆ ಗೊತ್ತಿಲ್ಲದ ಹಾಗೆ ಕೇಳಿದ್ದೇನೆ. ಅಕ್ಕನನ್ನು ಕೇಳಿರಲಿಲ್ಲ. ನಿದ್ದೆ ಬಂತಾ ಎಂದು ಕೇಳಿದ್ದೇನೆ. ಸಂತೋಷವಾಗಿದ್ದೀಯಾ, ಏನಕ್ಕೆ, ಎಂದು ಕೇಳಿರಲಿಲ್ಲ.

ಆಟೋದಲ್ಲಿ ಬರುವಾಗ ಅಕ್ಕ ಕುಕ್ಕರಹಳ್ಳಿ ಕೆರೆಯ ಹತ್ತಿರ ಇಳಿಯೋಣ ಎಂದಳು. ಸಂಜೆ ವಾಕಿಂಗಿನವರು ಆಗತಾನೇ ಬರುತ್ತಿದ್ದರು. ಏರಿಯ ಮೇಲೆ ಸ್ವಲ್ಪ ನಡೆದು ಒಂದು ಬೆಂಚಿನ ಮೇಲೆ ಕೂತೆವು. ಅಕ್ಕನ ಮೂಗು ಕೆಂಪಗಾಗಿತ್ತು. ಮೂಗುಬೊಟ್ಟು ನನ್ನ ಪರ್ಸಿನಲ್ಲೇ ಇತ್ತು, ಮನೆಗೆ ಹೋಗಿ ಹಾಕೋಣ ಎಂದಿದ್ದಳು. ಮುಖ ಬೇರೆ ಯಾರದ್ದೋ ಥರ ಕಾಣುತ್ತಿತ್ತು, ಅದಕ್ಕೇ ಧೈರ್ಯ ಬಂತೋ ಏನೋ.

‘ಅಕ್ಕ, ಆವತ್ತು ಆ ಗೆಜ್ಜೆ ಸೀರೆ ಮುಗಿಸಿದ ದಿನ ನೀನು ಹೇಗಿದ್ದೆ?’ ಎಂದೆ.

‘ಚೆನ್ನಾಗಿದ್ದೆ ಕಣೆ. ತುಂಬ ಚೆನ್ನಾಗಿದ್ದೆ. ನಿಂಗೆ ಮೊದ್ಲು ತೋರಿಸ್ಬೇಕು ಅಂತ ಬೆಳಿಗ್ಗೆಯಿಂದ ಕಾಯ್ತಾ ಕೂತಿದ್ದೆ.’

ನಾನು ಸೆರಗಿನ ತುದಿ ಹಿಡಿದುಕೊಂಡು ಕೂತೆ. ತಪ್ಪಾಯಿತು ಎಂದೆನೋ, ಅಂದುಕೊಂಡೆನೋ, ಈಗ ಖಾತ್ರಿಯಿಲ್ಲ. ಆಮೇಲೆ ಆ ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಟ್ಟೆ. ಚಿಕ್ಕವಳಾಗಿದ್ದಾಗ ಅಷ್ಟೊಂದು ನಗುತ್ತಿದ್ದೆಯಲ್ಲ, ಅದೂ ಈ ಕಾಯಿಲೆಯೇನಾ ಎಂದು.

‘ನಂಗೂ ಗೊತ್ತಿಲ್ಲ’ ಎಂದಳು. ‘ಇಪ್ಪತ್ತಮೂರರಲ್ಲಿ ಬಂದಿದ್ದು ಬೇರೆ. ಆಗ ನಿಲ್ಲಿಸ್ಬೇಕು ಅಂದ್ರೂ ನಿಲ್ತಿರ್ಲಿಲ್ಲ, ಒಳಗೊಳಗೇ ಹೆದರಿಕೆ ಆಗೋದು. ಅದು ನಂಗೆ ಜ್ಞಾಪಕ ಇದೆ. ಚಿಕ್ಕವಳಾಗಿದ್ದಾಗಿಂದು ಏನೋಪ್ಪ. ಆದ್ರೆ ಈಗ ನಗು ಬಂದ್ರೆ, ನಗೋಕೆ ಮುಂಚೆ ನಿನ್ನ ಮುಖ ನೋಡ್ತೀನಿ. ಆ ಡಾಕ್ಟರ್ ಹುಡುಗಿ ನನಗೂ ಹೇಳಿದ್ಲು, ಎರಡು ದೀಪ ಒಟ್ಟಿಗೆ ಹತ್ತೋದು ಆರೋದು ಅಂತ. ತಲೆ ಒಳಗೆ ಯಾಕೆ ಹುಡುಕ್ತಾರೆ? ನಮ್ಮನೇಲಿ ಬಂದು ನೋಡ್ಲಿ. ನಂಗೆ ನಗು ಬಂದ ತಕ್ಷಣ ನಿಂಗೆ ಭಯ ಬರತ್ತೆ. ನಿನ್ನ ಭಯ ನೋಡಿ ನನ್ನ ನಗು ಹೋಗತ್ತೆ. ಆಮೇಲೆ ಅದು ನಗೂನೋ ಕಾಯಿಲೆನೋ ಅಂತ ಪರೀಕ್ಷೆ ಮಾಡೋಕೆ ಉಳಿದಿರೋದಾದ್ರೂ ಏನು?’

ಅದು ಅವಳು ಎಷ್ಟೋ ತಿಂಗಳಲ್ಲಿ ನನ್ನ ಜೊತೆ ಆಡಿದ ಅತಿ ಉದ್ದದ ಮಾತು. ದೇವರೇ, ಮಾತು ಜಾಸ್ತಿಯಾಯಿತಲ್ಲ ಎಂದು ನನ್ನೊಳಗಿನ ಪರೀಕ್ಷಾ ವಿಭಾಗ ಗುರುತು ಹಾಕಿಕೊಳ್ಳಲು ಹೊರಟಿತ್ತು. ಸಾಯಲಿ ಎಂದು ಬಾಯಿ ಮುಚ್ಚಿಸಿದೆ.

ಆಮೇಲೆ ಒಂದು ಕರಾರು ಮಾಡಿಕೊಂಡೆವು. ಹೇಳಿದವಳು ಅಕ್ಕ. ಎರಡು ದಿನ ಸರಿಯಾಗಿ ನಿದ್ದೆ ಬಾರದಿದ್ದರೆ ಅವಳೇ ಬಂದು ಹೇಳುತ್ತಾಳೆ. ತಾನು ಹೇಳದೆ ಹೋದರೆ, ತನಗೇ ತಿಳಿಯದ ಮಟ್ಟಕ್ಕೆ ಹೋದರೆ, ಆಗ ನಾನು ಡಾಕ್ಟರಿಗೆ ಹೇಳಬಹುದು, ಆದರೆ ಮೊದಲು ಅವಳನ್ನು ಕೇಳಬೇಕು. ಉಳಿದ ದಿನ ನಾನು ಕುಚ್ಚು ಎಣಿಸಬಾರದು. ಕುಚ್ಚು ಎಣಿಸುತ್ತಿದ್ದದ್ದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ‘ಆ ಗೆಜ್ಜೆ ಸೀರೆ ಆದ್ಮೇಲಂತೂ, ನೀನು ಬರೋ ಹೊತ್ತಿಗೆ ಬಣ್ಣಬಣ್ಣದ ಕುಚ್ಚಿನ ಸೀರೆ ಎಲ್ಲ ಮಡಿಸಿ ಮಂಚದ ಕೆಳಗೆ ಇಡ್ತಿದ್ದೆ’ ಎಂದಳು. ಮುಂದಿನ ವಾರ ಡಾಕ್ಟರ ಹತ್ತಿರ ಹೋದಾಗ ಈ ಕರಾರನ್ನು ಅವರ ಮುಂದೆ ಅವಳೇ ಹೇಳಿದಳು, ನಾನು ಹೊರಗೆ ಕೂತಿದ್ದೆ. ಚೆನ್ನಾಗಿದೆ, ಹಾಗೇ ಮಾಡಿ ಎಂದರಂತೆ.

ಕರಾರು ಆಯಿತೆಂದು ನಗು ಬರಲಿಲ್ಲ. ನಾನು ಕಾದೆ. ಮೊದಲ ವಾರ ಊಟಕ್ಕೆ ಕೂತಾಗಲೆಲ್ಲ ನನ್ನ ಮುಖವನ್ನು ಆದಷ್ಟು ನಿರ್ಭಯವಾಗಿ ಇಟ್ಟುಕೊಳ್ಳಲು ಅಭ್ಯಾಸ ಮಾಡಿದೆ. ಹಲ್ಲುನೋವಾ ಎಂದು ಗಂಡ ಕೇಳಿದರು. ಅಕ್ಕ ತಟ್ಟೆ ನೋಡುತ್ತಾ, ‘ಕಾಯ್ಬೇಡ ಕಣೆ, ಅದೇನು ನಲ್ಲಿ ನೀರಾ ಇಷ್ಟು ಗಂಟೆಗೆ ಬರೋಕೆ’ ಎಂದಳು. ನಾನು ಕಾಯುವುದನ್ನು ಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಯುವುದು ಕಾಣದ ಹಾಗೆ ಕಾದೆ. ಮತ್ತೊಮ್ಮೆ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆ. ಈ ಸಲ ತಲೆ ಕಡಿಮೆ ಅಲ್ಲಾಡಿದೆಯಂತೆ, ಚಿತ್ರ ಇಟ್ಟುಕೊಂಡಿದ್ದಾರೆ.

ಮೊನ್ನೆ ಭಾನುವಾರ ಮಧ್ಯಾಹ್ನ ಮೇಲಿನ ಕೋಣೆಗೆ ರಾಜೀವನಗರದ ಹೆಂಗಸೊಬ್ಬರು ಬಂದಿದ್ದರು. ವರ್ಷಗಳಿಂದ ಅಕ್ಕನ ಹತ್ತಿರವೇ ಸೀರೆ ಕೊಡುವವರು, ಬಂದರೆ ಎರಡು ಗಂಟೆ ಕೂತು ಮಾತಾಡುವವರು. ಇಬ್ಬರಿಗೂ ಕಾಫಿ ತೆಗೆದುಕೊಂಡು ನಾನು ಮೆಟ್ಟಿಲು ಹತ್ತುತ್ತಿದ್ದೆ. ಅರ್ಧಕ್ಕೆ ಬಂದಾಗ ಆ ಸದ್ದು ಕೇಳಿತು. ಸಣ್ಣಗೆ, ಸುಯ್ ಎಂದು. ಅದರ ಹಿಂದೆಯೇ ಪೂರ್ತಿ ನಗು. ಆ ಹೆಂಗಸಿನದ್ದೂ ಸೇರಿಕೊಂಡಿತು. ನಾನು ನಿಂತುಬಿಟ್ಟೆ. ಇನ್ನು ಏಳು ಮೆಟ್ಟಿಲು ಹತ್ತಿದರೆ ಬಾಗಿಲು. ಹೋದರೆ ಅವಳು ನನ್ನ ಮುಖ ನೋಡುತ್ತಾಳೆ. ಹೋಗದಿದ್ದರೆ ಕಾಫಿ ಆರುತ್ತದೆ. ಎದೆ ಡವಗುಟ್ಟುತ್ತಿತ್ತು, ಅದು ಆಸೆಗೋ ಭಯಕ್ಕೋ ಎಂದು ನನ್ನನ್ನೇ ಯಾವ ಯಂತ್ರದೊಳಗೆ ಹಾಕಿದ್ದರೂ ಗೊತ್ತಾಗುತ್ತಿರಲಿಲ್ಲ. ತಿರುಗಿ ಇಳಿಯೋಣ ಎಂದು ಒಂದು ಮೆಟ್ಟಿಲು ಕೆಳಗೆ ಕಾಲಿಟ್ಟೆ. ತಟ್ಟೆಯಲ್ಲಿ ಲೋಟ ಅಲುಗಿತು.

ಮೇಲೆ ನಗು ನಿಂತಿತು.

‘ರಾತ್ರಿ ಏಳು ಗಂಟೆ ನಿದ್ದೆ ಮಾಡಿದೀನಿ ಕಣೆ’ ಎಂದಳು ಅಕ್ಕ ಒಳಗಿಂದ. ‘ಬಾ.’

ಹೋದೆ. ಆ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಕ್ಕನ ಮುಖ ಇನ್ನೂ ಕೆಂಪಗಿತ್ತು, ಆದರೆ ನಗು ಮುಗಿದಿತ್ತು. ಏನಾಯಿತು, ನನಗೂ ಹೇಳಿ ಎಂದೆ. ಹೇಳಿದರೆ ನಗು ಬರಲ್ಲ ಬುಡು ಎಂದಳು ಅಕ್ಕ. ನಿಜವೇ ಇರಬೇಕು. ಕಾಫಿ ಕೊಟ್ಟು ಕೆಳಗೆ ಹೋಗಬಹುದಿತ್ತು, ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದೆನೋ ಏನೋ ಎಂಬ ಅನುಮಾನವೂ ಇತ್ತು. ಆದರೂ ದಾರದ ಉಂಡೆಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅಕ್ಕನ ಎಡಗಡೆ ನೆಲದ ಮೇಲೆ ಜಾಗ ಮಾಡಿಕೊಂಡು ಕೂತೆ. ಅವರಿಬ್ಬರೂ ಬೇರೆ ಏನೋ ಮಾತು ಶುರು ಮಾಡಿದರು.